ಆಪ್ತನ ಮಾತು, ಆಪ್ತರ ಮೌನ

ಕನ್ನಡದ ದಿನಬಳಕೆಯಲ್ಲಿ ಆಪ್ತನೆಂದರೆ ಹತ್ತಿರದವನು, ಕಷ್ಟಕಾಲಕ್ಕೆ ಒದಗುವವನು, ಮನೆಯ ಗುಟ್ಟು ತಿಳಿದೂ ಹೊರಗೆ ಬಾಯಿಬಿಡದವನು. ಭಾರತೀಯ ತರ್ಕಶಾಸ್ತ್ರದಲ್ಲಿ ಇದೇ ಪದಕ್ಕೆ ಇನ್ನೊಂದು, ಹೆಚ್ಚು ಬಿಗಿಯಾದ ಅರ್ಥವಿದೆ. ಗೌತಮನ ನ್ಯಾಯಸೂತ್ರಗಳು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಸಾಲಿನಲ್ಲಿ ಶಬ್ದವನ್ನೂ ಪ್ರಮಾಣವೆಂದು, ಎಂದರೆ ಯಥಾರ್ಥವಾದ ಅರಿವಿನ ಸಾಧನವೆಂದು, ಅಂಗೀಕರಿಸುತ್ತವೆಯಾದರೂ ಎಲ್ಲರ ಮಾತಿಗೂ ಆ ಸ್ಥಾನವನ್ನು ಕೊಡದೆ ಆಪ್ತನಾದವನ ಮಾತಿಗೆ ಮಾತ್ರ ಕೊಡುತ್ತವೆ. ಆಪ್ತನಾರು ಎಂಬ ಪ್ರಶ್ನೆಗೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಡುವ ಉತ್ತರದಲ್ಲಿ ಎರಡು ಅಂಶಗಳು ಮುಖ್ಯ: ಆತನು ವಿಷಯವನ್ನು ಸ್ವತಃ ಕಂಡುಕೊಂಡಿರಬೇಕು, ಮತ್ತು ಕಂಡದ್ದನ್ನು ಕಂಡ ಹಾಗೆಯೇ ತಿಳಿಸಬೇಕೆಂಬ ಇಚ್ಛೆ ಆತನನ್ನು ಮಾತಿಗೆ ಪ್ರೇರಿಸಿರಬೇಕು. ಈ ಲಕ್ಷಣವು ಋಷಿಗೆ ಹೇಗೋ ಆರ್ಯನಿಗೂ ಮ್ಲೇಚ್ಛನಿಗೂ ಹಾಗೆಯೇ ಅನ್ವಯಿಸುತ್ತದೆಂದು ಆತನು ಸೇರಿಸುತ್ತಾನೆ; ಮಾತಿನ ಅಧಿಕಾರವು ಹುಟ್ಟಿನಿಂದಲೋ ಪದವಿಯಿಂದಲೋ ಬರುವುದಿಲ್ಲವೆಂಬುದು ಇದರ ಇಂಗಿತ.

ವೃದ್ಧರೊಬ್ಬರು ಆಸ್ಪತ್ರೆಯ ಹಾಸಿಗೆ ಸೇರಿದಾಗ ಪದದ ಈ ಎರಡು ಅರ್ಥಗಳೂ ಹಾಸಿಗೆಯ ಎರಡು ಬದಿಗಳಲ್ಲಿ ನಿಲ್ಲುತ್ತವೆ. ಒಂದು ಬದಿಯಲ್ಲಿ ರೋಗವನ್ನು ಬಲ್ಲ ವೈದ್ಯರು ಮತ್ತು ದಾದಿಯರು. ಇನ್ನೊಂದು ಬದಿಯಲ್ಲಿ ಆ ವೃದ್ಧರನ್ನೇ ಬಲ್ಲ ಹೆಂಡತಿ, ಮಗಳು, ಸೊಸೆ, ಮಗ. ನಡುವೆ ಮಲಗಿರುವ ವ್ಯಕ್ತಿಯ ಬಗ್ಗೆ ಇವರಲ್ಲಿ ಯಾರ ಮಾತು ಯಾವ ವಿಷಯದಲ್ಲಿ ಪ್ರಮಾಣ, ಮತ್ತು ಆ ದೇಹದ ಸತ್ಯವನ್ನು ಮೊದಲು ಕೇಳುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಆಸ್ಪತ್ರೆಯ ಆಡಳಿತಗಳು ಸಾಮಾನ್ಯವಾಗಿ ಸಂವಹನ ಕೌಶಲದ, ಎಂದರೆ ನಯವಾಗಿ ಮಾತನಾಡುವ ತರಬೇತಿಯಿಂದ ಬಗೆಹರಿಯುವ ಪ್ರಶ್ನೆಯೆಂದು ಭಾವಿಸುತ್ತವೆ. ನಯ ಬೇಕಾದದ್ದೇ. ಆದರೆ ಪ್ರಶ್ನೆಯ ಬೇರು ಜ್ಞಾನಮೀಮಾಂಸೆಯಲ್ಲಿದೆ, ಯಾರಿಗೆ ಏನು ಹೇಗೆ ತಿಳಿಯುತ್ತದೆ ಎಂಬ ವಿಚಾರದಲ್ಲಿದೆ; ಕೇಳುವವರನ್ನೂ ಅವರ ವಿಷಯದಲ್ಲಿ ಆಪ್ತರೆಂದು ಒಪ್ಪಿಕೊಳ್ಳದೆ ಹೇಳಿದ ಮಾತು ಎಷ್ಟು ಮೃದುವಾಗಿದ್ದರೂ ಅರ್ಧ ಮಾತಾಗಿಯೇ ಉಳಿಯುತ್ತದೆ.

ಆಯುರ್ವೇದದ ಮೂಲಗ್ರಂಥಗಳಲ್ಲೊಂದಾದ ಚರಕಸಂಹಿತೆಯು ಈ ಸಂಗತಿಯನ್ನು ತನ್ನದೇ ರೀತಿಯಲ್ಲಿ ಗುರುತಿಸಿತ್ತು. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು, ಎಂದರೆ ಅದನ್ನು ಹೊತ್ತು ನಿಲ್ಲಿಸುವ ನಾಲ್ಕು ಆಧಾರಗಳನ್ನು, ಹೇಳುತ್ತದೆ: ವೈದ್ಯ, ಔಷಧ, ಉಪಸ್ಥಾತೃ ಅಥವಾ ಪರಿಚಾರಕ, ಮತ್ತು ರೋಗಿ. ಇವರಲ್ಲಿ ವೈದ್ಯನೇ ಪ್ರಧಾನನೆಂದು ಗ್ರಂಥ ಹೇಳುತ್ತದಾದರೂ ಪ್ರತಿಯೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿ, ಪರಿಚಾರಕನಲ್ಲಿ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯ ಮೇಲೆ ಅನುರಾಗ ಹಾಗೂ ಶುಚಿತ್ವ ಇರಬೇಕೆನ್ನುತ್ತದೆ. ತಿಳಿವಳಿಕೆ ಮತ್ತು ಅನುರಾಗಗಳನ್ನು ಒಬ್ಬನಲ್ಲಿಯೇ ಅಪೇಕ್ಷಿಸಿರುವುದು ಗಮನಿಸತಕ್ಕದ್ದು. ಇಂದಿನ ಆಸ್ಪತ್ರೆಯಲ್ಲಿ ತಿಳಿವಳಿಕೆ ಸಿಬ್ಬಂದಿಯ ಪಾಲಿಗೆ, ಅನುರಾಗ ಮನೆಯವರ ಪಾಲಿಗೆ ಎಂದು ಆಸ್ತಿ ಹಂಚಿದಂತೆ ಹಂಚಿಹೋಗಿದೆ. ಇನ್ನು ರೋಗಿಗೆ ಹೇಳಿರುವ ನಾಲ್ಕು ಗುಣಗಳಲ್ಲಿ ಸ್ಮೃತಿ ಒಂದು, ಜ್ಞಾಪಕತ್ವ ಇನ್ನೊಂದು. ಇಲ್ಲಿ ಜ್ಞಾಪಕತ್ವವೆಂದರೆ ನೆನಪಿನ ಶಕ್ತಿಯಲ್ಲ, ತನಗೆ ಏನಾಗುತ್ತಿದೆ ಎಂಬುದನ್ನು ವೈದ್ಯನಿಗೆ ತಿಳಿಯುವಂತೆ ಹೇಳಬಲ್ಲ ಸಾಮರ್ಥ್ಯ.

ಮುಪ್ಪಿನಲ್ಲಿ ಮೊದಲು ಕುಂದುವುದು ಈ ಎರಡು ಗುಣಗಳೇ. ಕಿವಿ ಮಂದವಾದವರು, ಪಾರ್ಶ್ವವಾಯುವಿನಿಂದ ಮಾತು ತೊದಲುವವರು, ಮರೆಗುಳಿತನ ಹಿಡಿದವರು, ಮಕ್ಕಳಿಗೆ ಹೊರೆಯಾಗಬಾರದೆಂದು ನೋವನ್ನು ನುಂಗಿಕೊಂಡು ಏನಿಲ್ಲಪ್ಪ ಎನ್ನುವವರು, ಇವರೆಲ್ಲರ ಜ್ಞಾಪಕತ್ವವೂ ತಾನಾಗಿಯೇ ಪಕ್ಕದಲ್ಲಿ ಕೂತ ಪರಿಚಾರಕರಿಗೆ ವರ್ಗವಾಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವೆಂದರೆ ಡೆಲಿರಿಯಂ, ಎಂದರೆ ಸೋಂಕು, ನಿರ್ಜಲತೆ, ಔಷಧದ ಅಡ್ಡಪರಿಣಾಮ ಮೊದಲಾದ ಕಾರಣಗಳಿಂದ ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ತಲೆದೋರಿ, ಬೆಳಿಗ್ಗೆ ಕಡಿಮೆಯಾಗಿ ರಾತ್ರಿ ಹೆಚ್ಚಾಗುತ್ತ ಏರಿಳಿಯುವ ಬುದ್ಧಿಯ ಗೊಂದಲ. ತಿಂಗಳು ವರ್ಷಗಳ ಮೇಲೆ ಮೆಲ್ಲಗೆ ಬೆಳೆಯುವ ಡಿಮೆನ್ಷಿಯಾದಿಂದ ಇದು ಬೇರೆ, ಮತ್ತು ಕಾರಣವನ್ನು ಹುಡುಕಿ ಚಿಕಿತ್ಸೆ ಕೊಟ್ಟರೆ ಎಷ್ಟೋ ಸಲ ಇಳಿಯುವಂಥದು. ವೃದ್ಧರಲ್ಲಿ ಮೂತ್ರನಾಳದ ಸೋಂಕೋ ನ್ಯುಮೋನಿಯಾವೋ ಜ್ವರವೇ ಇಲ್ಲದೆ ಕೇವಲ ಇಂಥ ಗೊಂದಲವಾಗಿ ಕಾಣಿಸಿಕೊಳ್ಳುವುದುಂಟು. ಆ ದಿನವೇ ಮೊದಲ ಬಾರಿಗೆ ರೋಗಿಯನ್ನು ನೋಡುತ್ತಿರುವ ಡ್ಯೂಟಿ ಡಾಕ್ಟರಿಗೆ ಡೆಲಿರಿಯಂ, ಡಿಮೆನ್ಷಿಯಾ ಎರಡೂ ಒಂದೇ ರೀತಿ ಕಾಣಬಹುದು. ಮೊನ್ನೆಯವರೆಗೆ ಪೇಪರ್ ಓದುತ್ತಿದ್ದರು, ನಿನ್ನೆ ರಾತ್ರಿಯಿಂದ ಹೀಗಾಗಿದ್ದಾರೆ ಎಂಬ ಸೊಸೆಯ ಒಂದು ವಾಕ್ಯ ಎರಡನ್ನೂ ಬೇರ್ಪಡಿಸುತ್ತದೆ. ಆ ವಾಕ್ಯವು ವಾತ್ಸ್ಯಾಯನನ ಲಕ್ಷಣಕ್ಕೆ ಅಕ್ಷರಶಃ ಒಪ್ಪುವ ಆಪ್ತವಾಕ್ಯ. ಅದಕ್ಕೆ ವಯಸ್ಸಾಯಿತಲ್ಲಮ್ಮ ಎಂಬ ಉತ್ತರ ಬಂದರೆ, ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯೇ ರೋಗನಿರ್ಣಯದ ಸ್ಥಾನದಲ್ಲಿ ಕೂತಂತಾಯಿತು.

ಆಪ್ತರನ್ನು ಗುರುತಿಸುವುದರಲ್ಲಿ ಮನೆಯವರೂ ತಪ್ಪುತ್ತಾರೆ. ರಾತ್ರಿ ನಿದ್ದೆಗೆಟ್ಟು ಹಾಸಿಗೆ ಬದಲಿಸುವವಳು ಸೊಸೆಯೋ, ಕೂಲಿಗೆ ಬರುವ ಆಯಾವೋ ಆಗಿದ್ದು, ವೈದ್ಯರ ಮುಂದೆ ಕುರ್ಚಿಯಲ್ಲಿ ಕೂತು ಮಾತನಾಡುವವನು ಹಿರಿಯ ಮಗ ಅಥವಾ ಅಮೆರಿಕದಿಂದ ಫೋನಿನಲ್ಲಿರುವ ಇನ್ನೊಬ್ಬ ಮಗನಾಗಿರುವುದು ಕರ್ನಾಟಕದ ನಗರಗಳಲ್ಲಿ ಸಾಮಾನ್ಯ ದೃಶ್ಯ. ದೂರದಲ್ಲಿರುವವರ ಆತಂಕ ಸುಳ್ಳಲ್ಲ. ಆದರೆ ನೋಡಿದವರು ಸುಮ್ಮನಿದ್ದು ನೋಡದವರು ಮಾತನಾಡುವ ಈ ಏರ್ಪಾಟಿನಲ್ಲಿ ಹುಟ್ಟಿನಿಂದ ಬಂದ ಅಧಿಕಾರವು ಕಂಡ ಅರಿವಿನ ಬಾಯಿ ಮುಚ್ಚಿಸುತ್ತದೆ.

ಮಾತು ಅರ್ಥವಾಗುವುದು ಹೇಗೆ ಎಂಬುದನ್ನು ನೈಯಾಯಿಕರು ಮತ್ತು ಮೀಮಾಂಸಕರು ಶಾಬ್ದಬೋಧವೆಂಬ ಹೆಸರಿನಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಬಿಡಿ ಪದಗಳು ವಾಕ್ಯಾರ್ಥವಾಗಬೇಕಾದರೆ ಆಕಾಂಕ್ಷೆ, ಎಂದರೆ ಒಂದು ಪದ ಕೇಳಿದಾಗ ಇನ್ನೊಂದಕ್ಕಾಗಿ ಹುಟ್ಟುವ ನಿರೀಕ್ಷೆ, ಯೋಗ್ಯತೆ, ಎಂದರೆ ಪದಗಳ ಅರ್ಥಗಳು ಪರಸ್ಪರ ಕೂಡಿಕೊಳ್ಳಬಲ್ಲವಾಗಿರುವುದು, ಮತ್ತು ಸನ್ನಿಧಿ, ಎಂದರೆ ಅವು ವಿಳಂಬವಿಲ್ಲದೆ ಒಟ್ಟಿಗೆ ಕೇಳಿಬರುವುದು, ಇವು ಮೂರೂ ಇರಬೇಕು. ಬೆಂಕಿಯಿಂದ ತೋಟಕ್ಕೆ ಹನಿಸು ಎಂಬಲ್ಲಿ ಯೋಗ್ಯತೆ ಇಲ್ಲ, ಬೆಳಿಗ್ಗೆ ಒಂದು ಪದ ಸಂಜೆ ಒಂದು ಪದ ಹೇಳಿದರೆ ಸನ್ನಿಧಿ ಇಲ್ಲ. ಶಾಸ್ತ್ರಕಾರರು ವ್ಯಾಕರಣದ ಮಟ್ಟದಲ್ಲಿ ಹೇಳಿದ ಈ ಮಾತನ್ನು ಆಸ್ಪತ್ರೆಯ ವಾರ್ಡಿಗೆ ವಿಸ್ತರಿಸುವುದು ಅವರಿಗೆ ಸ್ವಲ್ಪ ಅನ್ಯಾಯ ಮಾಡಿದಂತೆಯೇ ಸರಿ, ಆದರೂ ಹೋಲಿಕೆ ಬೆಳಕು ಕೊಡುತ್ತದೆ. ಬೆಳಗಿನ ರೌಂಡ್ಸಿನಲ್ಲಿ ಹೃದಯದ ತಜ್ಞರು ಒಂದು ಮಾತು, ಮಧ್ಯಾಹ್ನ ಮೂತ್ರಪಿಂಡದ ತಜ್ಞರು ಇನ್ನೊಂದು ಮಾತು, ರಾತ್ರಿ ಸಿಸ್ಟರ್ ಮತ್ತೊಂದು ಮಾತು ಹೇಳಿ ಹೋದಾಗ ಅವು ಒಂದೊಂದೂ ಸತ್ಯವಾಗಿದ್ದರೂ ಸನ್ನಿಧಿಯಿಲ್ಲದ ಪದಗಳಂತೆ ಚದುರಿ, ಒಟ್ಟಾರೆ ಅಪ್ಪ ಉಳಿಯುತ್ತಾರೋ ಇಲ್ಲವೋ ಎಂಬ ವಾಕ್ಯಾರ್ಥ ಯಾರಿಂದಲೂ ಬರುವುದಿಲ್ಲ. ಉಪ್ಪು ಬಿಡಿಸಿ, ಚೆನ್ನಾಗಿ ಊಟ ಮಾಡಿಸಿ ಎಂಬ ಸಲಹೆ ಉಪ್ಪಿನಕಾಯಿ ಇಲ್ಲದೆ ಗಂಜಿಯ ಒಂದು ತುತ್ತನ್ನೂ ಮುಟ್ಟದ ಅಜ್ಜಿಯ ಮನೆಯಲ್ಲಿ ಯೋಗ್ಯತೆಯನ್ನು ಕಳೆದುಕೊಳ್ಳುತ್ತದೆ. ಡಿಸ್ಚಾರ್ಜಿನ ದಿನ ಬಿಲ್ ಕೌಂಟರಿನ ಮುಂದೆ ವಿಮೆಯ ಕಾಗದಕ್ಕಾಗಿ ಕಾಯುತ್ತಿರುವವರ ಕೈಗೆ ಮಾತ್ರೆ ಚೀಟಿ ಕೊಟ್ಟು 1-0-1 ಎಂದರೆ ಬೆಳಿಗ್ಗೆ ಮತ್ತು ರಾತ್ರಿ ಎಂದು ವಿವರಿಸಿದವರು ವಿವರಿಸಿದ್ದಾರೆ ನಿಜ. ಆದರೆ ಕೇಳುವವರ ಆಕಾಂಕ್ಷೆ ಆ ಹೊತ್ತಿಗೆ ಬಿಲ್ಲಿನ ಮೇಲಿರುತ್ತದೆ. ಹೇಳಿದ್ದನ್ನು ಅವರ ಮಾತಿನಲ್ಲೇ ಮರಳಿ ಹೇಳಿಸಿ ನೋಡುವ ಸರಳ ಕ್ರಮವನ್ನು ಈಗ ವೈದ್ಯಶಿಕ್ಷಣದಲ್ಲಿ ಕಲಿಸುತ್ತಾರೆ. ಮನದಟ್ಟು ಮಾಡುವುದು ಎಂಬ ಕನ್ನಡ ಪದದಲ್ಲಿ ಆ ಕ್ರಮ ಹಿಂದಿನಿಂದಲೂ ಇದೆ, ಮಾತು ಕಿವಿಗೆ ಬಿದ್ದರೆ ಸಾಲದು, ಮನಸ್ಸಿಗೆ ಹೋಗಿ ತಟ್ಟಬೇಕು.

ಇವು ಮೂರರ ಜೊತೆಗೆ ತಾತ್ಪರ್ಯವನ್ನೂ, ಎಂದರೆ ಹೇಳುವವನ ಅಭಿಪ್ರಾಯವನ್ನೂ, ಸೇರಿಸಿಕೊಳ್ಳುವವರಿದ್ದಾರೆ. ಸೈಂಧವವೆಂದರೆ ಕುದುರೆಯೂ ಹೌದು, ಕಲ್ಲುಪ್ಪೂ ಹೌದು. ಊಟಕ್ಕೆ ಕೂತವನು ಸೈಂಧವ ಬೇಕೆಂದಾಗ ಕುದುರೆಯನ್ನು ತಂದು ನಿಲ್ಲಿಸಬಾರದು. ಐಸಿಯುವಿನ ಬಾಗಿಲಲ್ಲಿ ಮನೆಯವರು ಏನೇನು ಆಗುತ್ತದೋ ಎಲ್ಲ ಮಾಡಿ ಡಾಕ್ಟ್ರೇ ಎನ್ನುವುದು ಇಂಥದೇ ಎರಡರ್ಥದ ವಾಕ್ಯ. ವೈದ್ಯರು ಅದನ್ನು ವೆಂಟಿಲೇಟರಿಗೆ, ಡಯಾಲಿಸಿಸ್ಸಿಗೆ ಕೊಟ್ಟ ಒಪ್ಪಿಗೆಯೆಂದು ಕೇಳಿಸಿಕೊಳ್ಳುತ್ತಾರೆ. ಹೇಳಿದವರ ತಾತ್ಪರ್ಯ ಎಷ್ಟೋ ಸಲ ನಮ್ಮ ಕೈ ಬಿಡಬೇಡಿ, ನಾವು ಕೈಬಿಟ್ಟೆವೆಂದು ಯಾರೂ ಅನ್ನದಂತೆ ಮಾಡಿ ಎಂಬುದಷ್ಟೇ ಆಗಿರುತ್ತದೆ. ಆಗ ಬಂದು ನಿಲ್ಲುವುದು ಕುದುರೆ.

ಇಷ್ಟರವರೆಗಿನದು ಅರಿವಿನ ಮಾತು. ಸತ್ಯವನ್ನು ಹೇಳುವ, ಮುಚ್ಚಿಡುವ ವಿಷಯ ಇದಕ್ಕಿಂತ ತೊಡಕಿನದು. ಕ್ಯಾನ್ಸರ್ ಪತ್ತೆಯಾದಾಗ ಮಕ್ಕಳು ವೈದ್ಯರನ್ನು ಬದಿಗೆ ಕರೆದು ಅಪ್ಪನಿಗೆ ಹೇಳಬೇಡಿ, ಕುಗ್ಗಿಹೋಗುತ್ತಾರೆ ಎಂದು ಬೇಡಿಕೊಳ್ಳುವುದೂ, ವೈದ್ಯರು ಒಪ್ಪಿ ಗಡ್ಡೆಯನ್ನು ಹುಣ್ಣೆಂದೋ ಅಲ್ಸರ್ ಎಂದೋ ಕರೆಯುವುದೂ ಎಷ್ಟು ರೂಢಿಯಾಗಿದೆಯೆಂದರೆ, ಇದು ಭಾರತೀಯ ಕುಟುಂಬದ ಸ್ವಭಾವ, ಸತ್ಯ ಹೇಳಿಬಿಡುವುದು ಪಾಶ್ಚಾತ್ಯರ ಸ್ವಭಾವ ಎಂಬ ವಿಂಗಡಣೆ ವಿದ್ವಾಂಸರ ಬರಹಗಳಲ್ಲೂ ಸಲೀಸಾಗಿ ಸೇರಿಕೊಂಡಿದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ವೈದ್ಯರ ಪೈಕಿ ಶೇಕಡ 90ರಷ್ಟು ಮಂದಿ ಕ್ಯಾನ್ಸರನ್ನು ರೋಗಿಗೆ ತಿಳಿಸದಿರುವುದೇ ತಮಗೆ ಇಷ್ಟವೆಂದಿದ್ದರು; ಅದೇ ಪ್ರಶ್ನೆಗಳನ್ನು 1977ರಲ್ಲಿ ಮತ್ತೆ ಕೇಳಿದಾಗ ಶೇಕಡ 97ರಷ್ಟು ಮಂದಿ ತಿಳಿಸುವುದನ್ನೇ ಇಷ್ಟಪಟ್ಟರು. ಹದಿನಾರು ವರ್ಷಗಳಲ್ಲಿ ಒಂದು ನಾಗರಿಕತೆಯ ಸ್ವಭಾವ ಬದಲಾಗುವುದಿಲ್ಲ, ರೂಢಿ ಮಾತ್ರ ಬದಲಾಗುತ್ತದೆ.

ಮುಚ್ಚಿಡುವವರು ಆಶ್ರಯಿಸುವ ಹಳೆಯ ಪ್ರಮಾಣಗಳನ್ನೂ ಪೂರ್ತಿಯಾಗಿ ಓದಬೇಕು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಪ್ರಸಿದ್ಧ ಶ್ಲೋಕವು ಅಪ್ರಿಯವಾದ ಸತ್ಯವನ್ನು ತಡೆಯುತ್ತದೆಂಬುದು ಎಲ್ಲರಿಗೂ ನೆನಪಿದೆ. ಅದೇ ಶ್ಲೋಕವು ಪ್ರಿಯವಾದ ಸುಳ್ಳನ್ನೂ ತಡೆಯುತ್ತದೆಂಬುದು ಬೇಕಾದಾಗ ಮರೆತುಹೋಗುತ್ತದೆ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ಕೊಡುವ ಉಪದೇಶದ ನಡುವೆ, ರೋಗಿಯ ಆಯುಸ್ಸು ಮುಗಿಯುತ್ತಿರುವುದು ತಿಳಿದರೂ ಅದನ್ನು ಹೇಳಬಾರದೆಂಬ ಮಾತು ಬರುತ್ತದೆ. ಆದರೆ ಎಲ್ಲಿ ಹೇಳುವುದರಿಂದ ರೋಗಿಗೋ ಇತರರಿಗೋ ಆಘಾತವಾಗುವುದೋ ಅಲ್ಲಿ ಎಂಬ ನಿಬಂಧನೆ ಅದಕ್ಕಿದೆ. ಆ ಆಘಾತ ಇಲ್ಲಿ, ಈ ಮನುಷ್ಯನಿಗೆ ಆಗುತ್ತದೆಯೇ ಎಂದು ವೈದ್ಯನು ನೋಡಿ ನಿರ್ಣಯಿಸಬೇಕಾಗುತ್ತದೆ, ಮಕ್ಕಳ ಒಂದು ವಿನಂತಿಯಿಂದ ಅದು ತಾನಾಗಿ ಸಿದ್ಧವಾಗುವುದಿಲ್ಲ. ಮರಣಸೂಚಕ ಲಕ್ಷಣಗಳಿಗೇ ಇಂದ್ರಿಯಸ್ಥಾನವೆಂಬ ಹನ್ನೆರಡು ಅಧ್ಯಾಯಗಳ ಇಡೀ ಭಾಗವನ್ನು ಮೀಸಲಿಟ್ಟ ಗ್ರಂಥವು ವೈದ್ಯನಿಗೆ ಮೌನವನ್ನು ಕಲಿಸುವ ಮೊದಲು ಅರಿವನ್ನು ಕಡ್ಡಾಯ ಮಾಡಿದೆ.

ಜೈನ ಚಿಂತನೆಯಲ್ಲಿ ಇದರ ಎರಡೂ ಮುಖಗಳು ಸಿಗುತ್ತವೆ, ಮತ್ತು ಎರಡಕ್ಕೂ ಕನ್ನಡನಾಡಿನ ನಂಟಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದನು ಜೀವಿಗೆ ಪೀಡೆ ಕೊಡುವ ಮಾತು ಇದ್ದದ್ದನ್ನೇ ಹೇಳುತ್ತಿದ್ದರೂ ಅನೃತದ, ಎಂದರೆ ಸುಳ್ಳಿನ, ಸಾಲಿಗೇ ಸೇರುತ್ತದೆಂದು ವಿವರಿಸುತ್ತಾನೆ. ಹೆಜ್ಜೆ ನಿಲ್ಲಿಸದೆ, ಕೂರದೆ, ಇನ್ನು ಮೂರು ತಿಂಗಳು ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗುವ ವೈದ್ಯರ ಸತ್ಯ ಈ ಅಳತೆಯಲ್ಲಿ ಸತ್ಯವೆನಿಸುವುದಿಲ್ಲ. ಇನ್ನೊಂದು ಕಡೆ ಸಲ್ಲೇಖನದ ಕಲ್ಪನೆಯಿದೆ. ತಪ್ಪಿಸಲಾಗದ ಉಪಸರ್ಗ, ಬರಗಾಲ, ಮುಪ್ಪು ಅಥವಾ ರೋಗ ಬಂದಾಗ ಆಹಾರವನ್ನು ಕ್ರಮವಾಗಿ ತೊರೆದು ಎಚ್ಚರದಿಂದ ದೇಹವನ್ನು ಬಿಡುವ ಈ ವ್ರತವನ್ನು ಇಂದಿನವರು ಒಪ್ಪಬೇಕೆಂದಿಲ್ಲ, ಅದರ ಬಗ್ಗೆ ನ್ಯಾಯಾಲಯಗಳಲ್ಲೂ ವಾದ ನಡೆದಿದೆ. ಆದರೆ ಅದರ ಪೂರ್ವಾಪೇಕ್ಷೆಯೊಂದು ಇಲ್ಲಿ ಪ್ರಸ್ತುತ: ತನ್ನ ಸಾವು ಹತ್ತಿರವಾಗಿದೆಯೆಂದು ತಿಳಿಯದವನು ಸಲ್ಲೇಖನವನ್ನು ಕೈಗೊಳ್ಳಲಾರ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಏಳನೆಯ ಶತಮಾನದಿಂದ ಮೊದಲುಗೊಂಡು ಕೊರೆಯಲಾದ ಹಲವಾರು ಶಾಸನಗಳು ಹೀಗೆ ತಿಳಿದು ಸತ್ತವರ ದಾಖಲೆ. ವಡ್ಡಾರಾಧನೆಯ ಕಥೆಗಳ ಹಿನ್ನೆಲೆಯಲ್ಲಿರುವ ಭಗವತೀ ಆರಾಧನೆಯಂಥ ಗ್ರಂಥಗಳು ಸಾಯುತ್ತಿರುವವನ ಬಳಿ ನಿರ್ಯಾಪಕರೆಂಬ ಸಹಾಯಕರಿರಬೇಕೆಂದು ಹೇಳಿ, ಮೈ ಆರೈಕೆ ಮಾಡುವವರು ಕೆಲವರು, ಧರ್ಮಕಥೆ ಹೇಳುವವರು ಕೆಲವರು ಎಂದು ಕೆಲಸವನ್ನು ಹಂಚುತ್ತವೆ. ಸಾವಿನ ಸತ್ಯವನ್ನು ಒಬ್ಬಂಟಿಯ ಹೆಗಲಿಗೆ ಹೊರಿಸದೆ, ಅವನಿಂದ ಕಸಿದುಕೊಳ್ಳಲೂ ಹೋಗದೆ, ಸುತ್ತ ಕೂತು ಹೊತ್ತ ಪದ್ಧತಿ ಅದು.

ಪರೀಕ್ಷಿತನ ಕಥೆಯನ್ನು ಈ ಕಣ್ಣಿನಿಂದ ಓದಿದವರು ಕಡಿಮೆ. ಏಳು ದಿನಗಳಲ್ಲಿ ತಕ್ಷಕನಿಂದ ಸಾವು ಎಂಬ ಶಾಪ ಬಿದ್ದಾಗ, ಶಾಪ ಕೊಟ್ಟ ಹುಡುಗನ ತಂದೆ ಶಮೀಕನು ಮಗನನ್ನು ಗದರಿ, ರಾಜನಿಗೆ ಸುದ್ದಿ ಮುಟ್ಟಿಸಲು ತನ್ನ ಶಿಷ್ಯನನ್ನು ಕಳಿಸುತ್ತಾನೆ. ಕೆಟ್ಟ ಸುದ್ದಿಯನ್ನು ತಲುಪಿಸುವುದೇ ಅಲ್ಲಿ ಕರುಣೆಯ ಕೆಲಸ. ಅದೇ ಸುದ್ದಿಯನ್ನು ಕೇಳಿದ ರಾಜನು ಮಹಾಭಾರತದಲ್ಲಿ ಒಂಟಿಕಂಬದ ಅರಮನೆ ಕಟ್ಟಿಸಿ ವೈದ್ಯರನ್ನೂ ಔಷಧಗಳನ್ನೂ ಮಂತ್ರಜ್ಞರನ್ನೂ ಸುತ್ತ ಇರಿಸಿಕೊಂಡರೆ, ಭಾಗವತದಲ್ಲಿ ಎಲ್ಲವನ್ನೂ ಬಿಟ್ಟು ಗಂಗೆಯ ದಡದಲ್ಲಿ ಕೂತು ಶುಕನ ಮಾತು ಕೇಳುತ್ತಾನೆ. ಒಂದೇ ಸತ್ಯ, ಎರಡು ಬಾಳು. ಆರಿಸಿಕೊಂಡವನು ಎರಡು ಕಡೆಯೂ ಪರೀಕ್ಷಿತನೇ. ಕುಟುಂಬವು ಸುದ್ದಿಯನ್ನು ತಡೆದಾಗ ಈ ಆಯ್ಕೆಯೂ ತಡೆದುಹೋಗುತ್ತದೆ: ಊರ ಮನೆಯನ್ನು ಒಮ್ಮೆ ನೋಡಿ ಬರಬೇಕೆನ್ನುವ ಆಸೆ, ಮಾತು ಬಿಟ್ಟ ತಮ್ಮನನ್ನು ಕರೆಸಿಕೊಳ್ಳುವ ಅವಕಾಶ. ಮಹಾಭಾರತದ ಆ ಕಥೆಯಲ್ಲಿ ಕಾಶ್ಯಪನೆಂಬ ವಿಷವೈದ್ಯನೂ ಇದ್ದಾನೆ. ರಾಜನನ್ನು ಬದುಕಿಸಬಲ್ಲೆನೆಂದು ಹೊರಟ ಆತನು ದಾರಿಯಲ್ಲಿ ತಕ್ಷಕನನ್ನು ಕಂಡು, ರಾಜನ ಆಯುಸ್ಸು ತೀರಿದೆಯೆಂದು ಧ್ಯಾನದಿಂದ ತಿಳಿದುಕೊಂಡು, ತಕ್ಷಕ ಕೊಟ್ಟ ಧನವನ್ನು ತೆಗೆದುಕೊಂಡು ಅರ್ಧದಾರಿಯಿಂದಲೇ ಹಿಂದಿರುಗುತ್ತಾನೆ. ಧನ ತೆಗೆದುಕೊಂಡದ್ದನ್ನು ಟೀಕಿಸುವುದು ಸುಲಭ. ವಾಸಿ ಮಾಡಲಾಗದೆಂದು ತಿಳಿದ ಮೇಲೆ ರೋಗಿಯ ಮನೆಯ ಬಾಗಿಲವರೆಗೂ ಹೋಗಬೇಕಾಗಿಲ್ಲವೆಂಬ ಆತನ ನಂಬಿಕೆಯೇ ಹೆಚ್ಚು ಪ್ರಶ್ನಾರ್ಹ, ಮತ್ತು ಅದು ಇನ್ನೂ ವೈದ್ಯಲೋಕವನ್ನು ಪೂರ್ತಿ ಬಿಟ್ಟು ಹೋಗಿಲ್ಲ. ವಾಸಿಯಾಗದ ಕ್ಯಾನ್ಸರಿನವರನ್ನು ಹಣ ಪಡೆಯದೆ ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಹುಟ್ಟಿಕೊಂಡದ್ದು ಕಾಶ್ಯಪರು ಹಿಂದಿರುಗಿದ ದಾರಿಯಲ್ಲಿಯೇ.

ಕಾನೂನು ತನ್ನ ಒಲವನ್ನು ರೋಗಿಯ ಕಡೆಗೆ ತೋರಿಸಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಯಸ್ಕಳಾದ ರೋಗಿ ಅರಿವಳಿಕೆಯಲ್ಲಿದ್ದಾಗ, ಜೀವಕ್ಕೆ ತುರ್ತು ಅಪಾಯವಿಲ್ಲದಿರುವಾಗ, ತಾಯಿಯಿಂದ ಪಡೆದ ಒಪ್ಪಿಗೆ ಸಲ್ಲದೆಂದಿತು. ಕಾಮನ್ ಕಾಸ್ ಪ್ರಕರಣದ 2018ರ ತೀರ್ಪು ಮುಂಚಿತ ವೈದ್ಯಕೀಯ ನಿರ್ದೇಶನವನ್ನು, ಎಂದರೆ ಮುಂದೆ ಮಾತು ನಿಂತಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬುದ್ಧಿ ಸರಿಯಿರುವಾಗಲೇ ಬರೆದಿಡುವ ಪತ್ರವನ್ನು, ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನ ಸರಳವಾಯಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ಸ್ವಲ್ಪ ಬೇರೆ ಧಾಟಿಯಲ್ಲಿ, ಸ್ಥಿತಿಯ ಗಾಂಭೀರ್ಯವನ್ನು ಹಿಗ್ಗಿಸಲೂ ಕುಗ್ಗಿಸಲೂ ಬಾರದೆಂದು ಹೇಳಿ, ರೋಗಿ, ಬಂಧುಗಳು ಅಥವಾ ಹೊಣೆಯುಳ್ಳ ಸ್ನೇಹಿತರಿಗೆ ಹಿತಕ್ಕೆ ತಕ್ಕಷ್ಟು ತಿಳಿದಿರುವಂತೆ ನೋಡಿಕೊಳ್ಳಬೇಕೆನ್ನುತ್ತದೆ. ಮನೆ ನಿಂತಿರುವುದು ಆ ಅಥವಾ ಎಂಬ ಪದದ ಮೇಲೆ.

ಮನೆಯ ನಿಲುವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಪ್ಪತ್ತು ವರ್ಷ ಎಲ್ಲ ನಿರ್ಣಯಗಳನ್ನೂ ಮನೆಯವರೊಂದಿಗೆ ಕೂಡಿಯೇ ಮಾಡಿದ ಹೆಂಗಸಿಗೆ ಕೊನೆಗಾಲದಲ್ಲಿ ಒಬ್ಬಳೇ ನಿರ್ಧರಿಸು ಎಂದು ಕಾಗದ ಮುಂದಿಡುವುದು ಸ್ವಾತಂತ್ರ್ಯವೆಂದು ಅವಳಿಗೆ ಅನ್ನಿಸದೆ ಇರಬಹುದು. ನನಗೇನು ಗೊತ್ತು, ಮಗನನ್ನು ಕೇಳಿ ಎಂಬುದು ಅವಳ ನಿಜವಾದ ಇಚ್ಛೆಯೇ ಆಗಿರಬಹುದು. ಆದರೆ ಆ ಇಚ್ಛೆಯನ್ನೂ ಅವಳ ಬಾಯಿಂದಲೇ ಕೇಳಬೇಕು, ಅವಳ ಇಚ್ಛೆಯ ವಿಷಯದಲ್ಲಿ ಅವಳಿಗಿಂತ ಆಪ್ತರಿಲ್ಲ. ಉಯಿಲಿಗೆ ಸಹಿ ಹಾಕಲು ಅಪ್ಪನ ಬುದ್ಧಿ ಚೆನ್ನಾಗಿದೆ ಎನ್ನುವ ಮಕ್ಕಳೇ ರೋಗದ ಹೆಸರು ಕೇಳುವಷ್ಟು ಗಟ್ಟಿಯಿಲ್ಲ ಎನ್ನುವುದನ್ನೂ ವೈದ್ಯರು ಕಂಡಿರುತ್ತಾರೆ. ಆಕಾಂಕ್ಷೆಯ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ: ನಿಮ್ಮ ಕಾಯಿಲೆಯ ವಿಷಯ ಎಷ್ಟು ತಿಳಿಯಬೇಕೆನ್ನಿಸುತ್ತದೆ, ನಿಮಗೇ ಹೇಳಲೋ ಮಗಳಿಗೆ ಹೇಳಲೋ ಎಂದು ಮೊದಲು ರೋಗಿಯನ್ನು ಕೇಳಿ, ಅವರ ನಿರೀಕ್ಷೆ ಹುಟ್ಟಿದಷ್ಟನ್ನು ಹೇಳಿ, ಉಳಿದದ್ದನ್ನು ಇನ್ನೊಂದು ದಿನಕ್ಕೆ ಬಿಡುವುದು ಸತ್ಯವನ್ನು ಕದಿಯದೆ, ಹೇರದೆ ಇರುವ ದಾರಿ. ಎಷ್ಟೋ ಸಲ ಅಪ್ಪನಿಗೆ ಗೊತ್ತೇ ಇರುತ್ತದೆ, ಮಕ್ಕಳಿಗೆ ತಿಳಿಯಬಾರದೆಂದು ಆತನೇ ಸುಮ್ಮನಿರುತ್ತಾನೆ. ರೋಗಿಯ ಮಾತು ಪೂರ್ತಿ ನಿಂತ ಮೇಲೆಯೂ ಮನೆಯವರನ್ನು ಏನು ಮಾಡೋಣ ಹೇಳಿ ಎಂದು ಕೇಳುವುದಕ್ಕೂ, ಅವರೇ ಈಗ ಎದ್ದು ಕೂತು ಮಾತನಾಡುವಂತಿದ್ದರೆ ಏನು ಹೇಳುತ್ತಿದ್ದರು ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ತಂದೆಯ ಸಾವಿನ ಆಜ್ಞೆಯನ್ನು ಮಗನ ಕೈಯಲ್ಲಿ ಬರೆಸುತ್ತದೆ, ಎರಡನೆಯದು ಮಗನನ್ನು ಸಾಕ್ಷಿಯಾಗಿ ಕರೆಯುತ್ತದೆ.

ಈ ಅಂತರ ಸಾವಿನ ನಂತರವೇ ಪೂರ್ತಿ ಕಾಣುವುದು. ಹದಿಮೂರನೆಯ ದಿನ ಕಳೆದು ನೆಂಟರು ಹೊರಟ ಮೇಲೆ ಆರೈಕೆ ಮಾಡಿದವರಲ್ಲಿ ಪ್ರಶ್ನೆಗಳು ಏಳುತ್ತವೆ: ಒಂದು ದಿನ ಮೊದಲೇ ಕರೆದುಕೊಂಡು ಹೋಗಿದ್ದರೆ, ಆ ರಾತ್ರಿ ಕೆಮ್ಮಿದಾಗ ಎಬ್ಬಿಸಿ ಕೂರಿಸಿದ್ದರೆ, ವೆಂಟಿಲೇಟರ್ ಬೇಡವೆನ್ನದಿದ್ದರೆ. ನೆಂಟರೂ ಪುರೋಹಿತರೂ ಎಲ್ಲ ದೈವೇಚ್ಛೆ ಎನ್ನುತ್ತಾರೆ, ಆದರೆ ಅವರು ಆ ಶ್ವಾಸಕೋಶದ ಚಿತ್ರವನ್ನು ಕಂಡವರಲ್ಲ. ಒಂದು ದಿನ ಮೊದಲು ಬಂದಿದ್ದರೂ ಹೀಗೆಯೇ ಆಗುತ್ತಿತ್ತು, ನಿಮ್ಮಿಂದ ಏನೂ ತಪ್ಪಾಗಿಲ್ಲ ಎಂಬ ಮಾತು, ಅದು ನಿಜವಾಗಿದ್ದ ಪಕ್ಷದಲ್ಲಿ, ಪ್ರಮಾಣವಾಗುವುದು ಒಬ್ಬರ ಬಾಯಲ್ಲಿ ಮಾತ್ರ. ಅಂತಿಮ ಬಿಲ್ಲನ್ನೂ ಮರಣದ ಕಾಗದವನ್ನೂ ಕೊಟ್ಟು ಕಳಿಸುವ ಆಸ್ಪತ್ರೆಯ ದಿನಚರಿಯಲ್ಲಿ ಆ ಮಾತಿಗೆ ಇನ್ನೂ ಯಾವ ಕೌಂಟರೂ ಇಲ್ಲ.